ಬೇಸಿಗೆಯಲ್ಲಿ ಆರೋಗ್ಯ ಕೆಡದಂತೆ, ಪೆಟ್ಟಾಗದಂತೆ ಇರುವುದು ಹೇಗೆ? ಹಂತ ಹಂತವಾಗಿ ಪೂರ್ತಿ ಮಾರ್ಗದರ್ಶಿ

ಬೇಸಿಗೆಯ ಅಪಾಯಗಳಲ್ಲಿ ಒಂದು ವಿಚಿತ್ರ ಇದೆ. ಯಾರು ಅಪಾಯದಲ್ಲಿರುತ್ತಾರೋ ಅವರಿಗೇ ಅದು ಕೊನೆಯಲ್ಲಿ ಗೊತ್ತಾಗುತ್ತದೆ. ಬಿಸಿಲಿನಿಂದ ತಲೆ ಮಂಕಾದವರು "ನನಗೇನೂ ಆಗಿಲ್ಲ, ಬಿಡಿ" ಎನ್ನುತ್ತಾರೆ. ನೀರಿನಲ್ಲಿ ಮುಳುಗುತ್ತಿರುವವರು ಕೂಗುವುದಿಲ್ಲ, ಕೂಗಲು ಉಸಿರೇ ಇರುವುದಿಲ್ಲ. ವಯಸ್ಸಾದವರಿಗೆ ಮೈಯಲ್ಲಿ ನೀರು ಕಡಿಮೆಯಾದರೂ ಬಾಯಾರಿಕೆ ಸರಿಯಾಗಿ ಆಗುವುದಿಲ್ಲ. ಮುಚ್ಚಿದ ಕಾರಿನಲ್ಲಿ ನಿದ್ದೆ ಹೋದ ಮಗು ಯಾರನ್ನೂ ಕರೆಯಲಾರದು.

ಅದಕ್ಕೇ "ಸುಸ್ತಾದರೆ ನೋಡೋಣ" ಅನ್ನುವ ಲೆಕ್ಕಾಚಾರ ಬೇಸಿಗೆಯಲ್ಲಿ ನಡೆಯುವುದಿಲ್ಲ. ಎಷ್ಟು ಹೊತ್ತು ಕೆಲಸ, ಯಾವಾಗ ನೀರು, ಮಕ್ಕಳನ್ನು ಯಾರು ನೋಡಿಕೊಳ್ಳುವುದು, ಇದನ್ನೆಲ್ಲ ತಲೆ ತಂಪಾಗಿರುವಾಗಲೇ ತೀರ್ಮಾನ ಮಾಡಿಡಬೇಕು. ಜೊತೆಗೆ ಒಬ್ಬರ ಮೇಲೊಬ್ಬರು ನಿಗಾ ಇಡಬೇಕು. ಕೆಳಗಿನ ಹಂತಗಳೆಲ್ಲ ಈ ಎರಡು ಮಾತಿನ ಮೇಲೇ ನಿಂತಿವೆ. ಪೂರ್ತಿ ಓದಲು ಈಗ ಸಮಯ ಇಲ್ಲವೆಂದರೆ 6 ಮತ್ತು 7ನೇ ಹಂತಗಳನ್ನಾದರೂ ಓದಿ. ಜೀವ ಹೋಗುವುದು ಹೆಚ್ಚಾಗಿ ಅಲ್ಲೇ.

ಹಂತ 1: ಮೈ ತಂಪಾಗುವ ಲೆಕ್ಕ ತಿಳಿದುಕೊಳ್ಳಿ

ನಮ್ಮ ಮೈಯೊಳಗಿನ ತಾಪಮಾನ ಸುಮಾರು 37 ಡಿಗ್ರಿ ಸೆಲ್ಸಿಯಸ್. ಚರ್ಮ ಅದಕ್ಕಿಂತ ಸ್ವಲ್ಪ ತಂಪು, ಬಿಸಿಲುಗಾಲದಲ್ಲಿ 35ರ ಆಸುಪಾಸು ಇರುತ್ತದೆ. ಸುತ್ತಲಿನ ಗಾಳಿ ಇದಕ್ಕಿಂತ ತಂಪಾಗಿದ್ದರೆ ಮೈಯ ಬಿಸಿ ತಾನಾಗೇ ಹೊರಗೆ ಹೋಗುತ್ತದೆ. ಗಾಳಿಯೇ ಜಾಸ್ತಿ ಬಿಸಿಯಾದರೆ ಉಲ್ಟಾ ಆಗುತ್ತದೆ, ಹೊರಗಿನ ಬಿಸಿ ಮೈಗೆ ಸೇರುತ್ತದೆ. ಆಗ ಉಳಿಯುವ ದಾರಿ ಬೆವರೊಂದೇ.

ಆದರೆ ಬೆವರು ಬಂದರೆ ಸಾಲದು, ಆರಬೇಕು. ಆರುವಾಗಲೇ ಅದು ಮೈಯ ಬಿಸಿಯನ್ನು ಎಳೆದುಕೊಂಡು ಹೋಗುವುದು. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ತಂಪು ಸಿಗುವುದಿಲ್ಲ, ನೀರು ಮತ್ತು ಉಪ್ಪು ಮಾತ್ರ ಕಳೆದುಹೋಗುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇರುವ ದಿನ ಬೆವರು ಆರುವುದೇ ಇಲ್ಲ ಅಲ್ವಾ? ಹಾಗಾಗಿ ತೇವ ತುಂಬಿದ 34 ಡಿಗ್ರಿಯ ದಿನ ಒಣ ಹವೆಯ 40 ಡಿಗ್ರಿಯ ದಿನಕ್ಕಿಂತ ಹೆಚ್ಚು ಕಾಡಬಹುದು. ಹವಾಮಾನ ನೋಡುವಾಗ ಬರೀ ಡಿಗ್ರಿ ನೋಡಿ ಬಿಡಬೇಡಿ. ತೇವಾಂಶ ಎಷ್ಟು, ಮೈಗೆ ಎಷ್ಟು ಡಿಗ್ರಿಯಂತೆ ಅನಿಸುತ್ತದೆ ಅನ್ನುವುದನ್ನೂ ನೋಡಿ. ಮೊಬೈಲಿನ ಹವಾಮಾನ ಆ್ಯಪ್‌ಗಳಲ್ಲಿ ಎರಡೂ ಇರುತ್ತವೆ.

ರಾತ್ರಿಯ ತಾಪಮಾನ ನೋಡುವುದನ್ನು ತುಂಬ ಜನ ಮರೆಯುತ್ತಾರೆ. ಹಗಲಿಡೀ ಬಳಲಿದ ಹೃದಯ ಮತ್ತು ಮೂತ್ರಪಿಂಡ ಚೇತರಿಸಿಕೊಳ್ಳುವುದು ರಾತ್ರಿಯ ತಂಪಿನಲ್ಲಿ. ರಾತ್ರಿಯೂ ಸೆಕೆ ಇಳಿಯದಿದ್ದರೆ ಇವತ್ತಿನ ಸುಸ್ತು ನಾಳೆಗೆ ಹೋಗುತ್ತದೆ, ನಾಳೆಯದು ನಾಡಿದ್ದಿಗೆ. 2003ರ ಬೇಸಿಗೆಯಲ್ಲಿ ಯುರೋಪಿನಲ್ಲಿ ಬಿಸಿಗಾಳಿಯಿಂದ 70,000ಕ್ಕೂ ಹೆಚ್ಚು ಜನ ತೀರಿಕೊಂಡರು ಎಂಬ ಅಂದಾಜಿದೆ. ಅವರಲ್ಲಿ ಬಹಳಷ್ಟು ಜನ ವಯಸ್ಸಾದವರು. ಒಂಟಿಯಾಗಿ ಮನೆಯೊಳಗೇ ಇದ್ದವರೂ ಅದರಲ್ಲಿ ತುಂಬ ಇದ್ದರು. ಬಿಸಿಲಿಗೆ ಹೋಗದಿದ್ದರೆ ಸಾಕು ಅಂತ ನಂಬಿದವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಹಂತ 2: ಬಿಸಿಲಿಗೆ ಮೈಯನ್ನು ನಿಧಾನವಾಗಿ ಒಗ್ಗಿಸಿ

ಮೈಗೆ ಬಿಸಿಲು ಒಗ್ಗುತ್ತದೆ, ಆದರೆ ಅದಕ್ಕೆ 1ರಿಂದ 2 ವಾರ ಬೇಕು. ಒಗ್ಗಿದ ಮೈ ಬೇಗ ಬೆವರುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆ ಹೋಗುತ್ತದೆ, ಹೃದಯ ಅಷ್ಟು ಜೋರಾಗಿ ಬಡಿದುಕೊಳ್ಳುವುದಿಲ್ಲ. ಇದು ಗಟ್ಟಿತನದ ವಿಷಯ ಅಲ್ಲ. ಎಷ್ಟೇ ಗಟ್ಟಿಮುಟ್ಟಾದ ಆಳಾದರೂ ಮೊದಲ ದಿನ ಮೈ ಒಗ್ಗಿರುವುದಿಲ್ಲ.

ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾ ಹೇಳುವ ಪ್ರಕಾರ ಕೆಲಸದ ಜಾಗದಲ್ಲಿ ಬಿಸಿಯಿಂದಾಗುವ ಸಾವುಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕೆಲಸದ ಮೊದಲ ದಿನವೇ ಆಗುತ್ತವೆ. 70 ಶೇಕಡಕ್ಕಿಂತ ಹೆಚ್ಚು ಮೊದಲ ವಾರದಲ್ಲಿ. ಈ ಲೆಕ್ಕ ಓದಿದ ಮೇಲೆ ಹೊಸಬರನ್ನು ಮೊದಲ ದಿನವೇ ಇಡೀ ದಿನ ಬಿಸಿಲಿನಲ್ಲಿ ದುಡಿಸಲು ಯಾರಿಗೂ ಮನಸ್ಸು ಬರಬಾರದು.

ಸರಿಯಾದ ಕ್ರಮ ಹೀಗೆ. ಬಿಸಿಲಿನ ಕೆಲಸಕ್ಕೆ ಹೊಸಬರಾದರೆ ಮೊದಲ ದಿನ ಮಾಮೂಲಿ ಕೆಲಸದ 20 ಶೇಕಡ ಮಾತ್ರ ಬಿಸಿಲಿನಲ್ಲಿ ಮಾಡಿ. ಆಮೇಲೆ ದಿನಕ್ಕೆ 20 ಶೇಕಡದಂತೆ ಏರಿಸಿ. ಹಳಬರು ರಜೆ ಮುಗಿಸಿ ಬಂದಿದ್ದರೆ ಮೊದಲ ದಿನ 50, ಎರಡನೇ ದಿನ 60, ಮೂರನೇ ದಿನ 80, ನಾಲ್ಕನೇ ದಿನ ಪೂರ್ತಿ. ಒಂದು ವಾರ ಬಿಸಿಲಿನಿಂದ ದೂರ ಇದ್ದರೂ ಒಗ್ಗಿದ್ದು ಕಡಿಮೆಯಾಗುತ್ತಾ ಬರುತ್ತದೆ. ಓಟ, ಆಟ, ಸೈಕ್ಲಿಂಗ್, ವ್ಯಾಯಾಮ ಮಾಡುವವರಿಗೂ ಇದೇ ಲೆಕ್ಕ. ವರ್ಷವಿಡೀ ಏಸಿ ಜಿಮ್‌ನಲ್ಲಿ ಬೆವರಿಳಿಸಿದವರ ಮೈಗೂ ಹೊರಗಿನ ಬಿಸಿಲು ಹೊಸದೇ.

ಹೊರಗಿನ ವ್ಯಾಯಾಮವನ್ನು ಮುಂಜಾನೆಗೆ ಇಟ್ಟುಕೊಳ್ಳಿ. ಸಂಜೆ ಬಿಸಿಲು ಇಳಿದಿದ್ದರೂ ರಸ್ತೆ, ಗೋಡೆ ಎಲ್ಲ ಕಾದಿರುತ್ತವೆ, ಅವುಗಳ ಝಳ ಮೈಗೆ ಹೊಡೆಯುತ್ತಲೇ ಇರುತ್ತದೆ. ಜ್ವರ, ಭೇದಿ, ನಿದ್ದೆಗೆಟ್ಟ ರಾತ್ರಿ, ಹಿಂದಿನ ದಿನದ ಮದ್ಯ, ಇವುಗಳಲ್ಲಿ ಯಾವುದಿದ್ದರೂ ಆ ದಿನ ಬಿಟ್ಟುಬಿಡಿ.

ಹಂತ 3: ನೀರು, ಉಪ್ಪು ಎರಡನ್ನೂ ನೋಡಿಕೊಳ್ಳಿ

ಬಾಯಾರಿಕೆಗೆ ಕಾಯಬೇಡಿ, ಆದರೆ ಒಮ್ಮೆಗೇ ಲೀಟರ್‌ಗಟ್ಟಲೆ ಕುಡಿಯಲೂ ಬೇಡಿ. ಬಿಸಿಲಿನಲ್ಲಿ ಮೈ ಬಗ್ಗಿಸಿ ಕೆಲಸ ಮಾಡುವಾಗ 15ರಿಂದ 20 ನಿಮಿಷಕ್ಕೊಮ್ಮೆ ಒಂದು ಲೋಟ, ಅಂದರೆ ಸುಮಾರು 240 ಮಿಲಿಲೀಟರ್ ಕುಡಿಯಿರಿ. ಗಂಟೆಗೆ ಒಂದೂವರೆ ಲೀಟರ್ ದಾಟಬೇಡಿ. ಬರೀ ನೀರನ್ನೇ ಮಿತಿ ಮೀರಿ ಕುಡಿದರೆ ರಕ್ತದಲ್ಲಿ ಸೋಡಿಯಂ, ಅಂದರೆ ಉಪ್ಪಿನಂಶ, ತೆಳುವಾಗುತ್ತದೆ. ತಲೆನೋವು, ವಾಂತಿ, ಗೊಂದಲ ಶುರುವಾಗಿ ಫಿಟ್ಸ್‌ವರೆಗೂ ಹೋಗಬಹುದು. ಇದು ನೋಡಲು ಬಿಸಿಲಿನ ಸುಸ್ತಿನ ಹಾಗೇ ಇರುವುದರಿಂದ ಪಕ್ಕದವರು ಇನ್ನೂ ನೀರು ಕುಡಿಸಿಬಿಡುತ್ತಾರೆ. ಹೊಟ್ಟೆ ಉಬ್ಬುವಷ್ಟು ನೀರು ಕುಡಿದ ಮೇಲೂ ತಲೆನೋವು, ವಾಂತಿ ಜಾಸ್ತಿಯಾಗುತ್ತಿದ್ದರೆ ನೀರು ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ಹೊತ್ತು ಹೊತ್ತಿಗೆ ಊಟ ಮಾಡುವವರಿಗೆ ಒಂದೆರಡು ಗಂಟೆಯ ಕೆಲಸಕ್ಕೆ ನೀರೇ ಸಾಕು, ಉಪ್ಪು ಊಟದಿಂದಲೇ ಸಿಗುತ್ತದೆ. ಗಂಟೆಗಟ್ಟಲೆ ಬೆವರಿದರೆ, ಭೇದಿಯಾದರೆ, ಊಟ ಸೇರದಿದ್ದರೆ ಓಆರ್‌ಎಸ್ ಬೇಕು. ಔಷಧಿ ಅಂಗಡಿಯ ಪೊಟ್ಟಣವೇ ಒಳ್ಳೆಯದು, ಅದರ ಮೇಲೆ ಬರೆದಷ್ಟೇ ನೀರು ಹಾಕಿ. ಸಿಗದಿದ್ದರೆ ಮನೆಯಲ್ಲೇ ಮಾಡಿಕೊಳ್ಳಬಹುದು: 1 ಲೀಟರ್ ಶುದ್ಧ ನೀರು, ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಮಟ್ಟಸವಾಗಿ ಅರ್ಧ ಟೀ ಚಮಚ ಉಪ್ಪು. ಅಳತೆ ತಪ್ಪಬಾರದು. ಉಪ್ಪು ಜಾಸ್ತಿಯಾದರೆ ಚಿಕ್ಕ ಮಕ್ಕಳಿಗೆ ನಿಜಕ್ಕೂ ಅಪಾಯ. ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಹೊಸದಾಗಿ ಮಾಡಿ. ಒಂದು ದಿನದಲ್ಲಿ ಮುಗಿಯದೆ ಉಳಿದಿದ್ದನ್ನೂ ಚೆಲ್ಲಿ.

ಸಾಕಷ್ಟು ಕುಡಿಯುತ್ತಿದ್ದೀರಾ ಅಂತ ತಿಳಿಯಲು ಮೂತ್ರದ ಬಣ್ಣ ನೋಡಿ. ತಿಳಿ ಹಳದಿ ಇದ್ದರೆ ಸರಿ. ಗಾಢವಾಗಿ, ಕಡಿಮೆ ಬರುತ್ತಿದ್ದರೆ ನೀರು ಸಾಲುತ್ತಿಲ್ಲ. ಕೆಲವು ವಿಟಮಿನ್ ಮಾತ್ರೆಗಳಿಂದಲೂ ಬಣ್ಣ ಗಾಢವಾಗುತ್ತದೆ, ಅದು ಬೇರೆ. ಎಳೆಯ ಮಕ್ಕಳಲ್ಲಿ 6 ಗಂಟೆಯಾದರೂ ಡಯಾಪರ್ ಒದ್ದೆಯಾಗದಿದ್ದರೆ, ಅಳುವಾಗ ಕಣ್ಣೀರು ಬಾರದಿದ್ದರೆ, ನೆತ್ತಿ ಒಳಗೆ ಕುಸಿದಿದ್ದರೆ ತಡ ಮಾಡದೆ ವೈದ್ಯರಿಗೆ ತೋರಿಸಿ. 6 ತಿಂಗಳೊಳಗಿನ ಕೂಸಿಗೆ ನೀರು ಕುಡಿಸಬೇಡಿ, ಹಾಲನ್ನೇ ಹೆಚ್ಚು ಸಲ ಕೊಡಿ. ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು ಎಷ್ಟು ನೀರು ಕುಡಿಯಬೇಕು ಅನ್ನುವುದನ್ನು ತಮ್ಮ ವೈದ್ಯರನ್ನೇ ಕೇಳಬೇಕು.

ಹಂತ 4: ಮನೆಯೊಳಗೆ ಬಿಸಿ ಬಾರದಂತೆ ನೋಡಿ

ಹೊರಗೆ ಒಳಗಿಗಿಂತ ಬಿಸಿ ಇರುವಷ್ಟು ಹೊತ್ತು ಕಿಟಕಿ, ಪರದೆ ಮುಚ್ಚಿಡಿ. ಹೊರಗೆ ತಂಪಾದ ಕೂಡಲೇ ಎದುರುಬದುರು ಕಿಟಕಿಗಳನ್ನು ತೆಗೆದು ಗಾಳಿ ಆಡಲು ಬಿಡಿ. ಬಿಸಿಲನ್ನು ಗಾಜಿನ ಹೊರಗೇ ತಡೆದರೆ ಜಾಸ್ತಿ ಪ್ರಯೋಜನ. ಒಳಗಿನ ಪರದೆಯವರೆಗೆ ಬಂದ ಬಿಸಿಲು ಆಗಲೇ ಮನೆಯೊಳಗೆ ಬಂದಾಗಿದೆ. ಒಲೆ, ಓವನ್, ಇಸ್ತ್ರಿಯ ಕೆಲಸವನ್ನು ಬೆಳಗ್ಗೆಯೇ ಮುಗಿಸಿಬಿಡಿ.

ಫ್ಯಾನ್ ಬಗ್ಗೆ ಎಚ್ಚರ ಬೇಕು. ಕೋಣೆಯ ತಾಪಮಾನ 40 ಡಿಗ್ರಿ ದಾಟಿದರೆ ಫ್ಯಾನ್ ಬಿಸಿಗಾಳಿಯನ್ನೇ ಮೈಗೆ ತಳ್ಳುತ್ತದೆ, ಹಾಗಾಗಿ ಆಗ ಅದನ್ನು ನೆಚ್ಚಬೇಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೆವರು ಕಡಿಮೆಯಾದ ವಯಸ್ಸಾದವರಿಗೆ ಅದಕ್ಕಿಂತ ಮೊದಲೇ ಫ್ಯಾನ್ ಸಾಲದೆ ಹೋಗಬಹುದು. ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಂಡು ಗಾಳಿಗೆ ಕೂತರೆ ಬೆವರಿನ ಕೆಲಸವನ್ನು ಆ ನೀರು ಮಾಡುತ್ತದೆ. ಅದೂ ಸಾಲದಿದ್ದರೆ ದಿನದಲ್ಲಿ 2–3 ಗಂಟೆಯಾದರೂ ತಂಪಾದ ಜಾಗದಲ್ಲಿ ಕಳೆಯಿರಿ.

ಗಾಳಿಗೆ ಅಂತ ತೆಗೆದ ಕಿಟಕಿಯಿಂದ ಮಕ್ಕಳು ಬೀಳುವುದು ಬೇಸಿಗೆಯಲ್ಲೇ ಹೆಚ್ಚು. ಸೊಳ್ಳೆ ಪರದೆ ಸೊಳ್ಳೆಯನ್ನು ತಡೆಯುತ್ತದೆ, ಒರಗಿದ ಮಗುವನ್ನು ತಡೆಯುವುದಿಲ್ಲ. ಮಹಡಿಯ ಕಿಟಕಿ 10 ಸೆಂಟಿಮೀಟರ್‌ಗಿಂತ ಜಾಸ್ತಿ ತೆರೆಯದಂತೆ ತಡೆ ಹಾಕಿಸಿ, ಇಲ್ಲವೇ ಸರಳು ಹಾಕಿಸಿ. ಹತ್ತಲು ಆಗುವ ಮಂಚ, ಕುರ್ಚಿ, ಮೇಜನ್ನು ಕಿಟಕಿಯಿಂದ ದೂರ ಸರಿಸಿ. ಇದನ್ನು ಇವತ್ತೇ ಮಾಡಿ.

ಹಂತ 5: ಬಿಸಿಲಿನಿಂದ ಚರ್ಮ, ಕಣ್ಣು ಉಳಿಸಿಕೊಳ್ಳಿ

ಚರ್ಮ ಸುಡುವುದು ಬಿಸಿಯಿಂದಲ್ಲ, ನೇರಳಾತೀತ ಕಿರಣದಿಂದ. ತಂಪು ಗಾಳಿ ಬೀಸುವಾಗಲೂ, ಮೋಡ ಇದ್ದಾಗಲೂ ಅದು ಬರುತ್ತದೆ. ಹವಾಮಾನದ ಆ್ಯಪ್‌ನಲ್ಲಿ ಯುವಿ ಸೂಚ್ಯಂಕ, ಅಂದರೆ ಈ ಕಿರಣ ಎಷ್ಟು ಜೋರಾಗಿದೆ ಅನ್ನುವ ಅಳತೆ, ನೋಡಿ. 3 ಮುಟ್ಟಿದರೆ ರಕ್ಷಣೆ ಬೇಕು, 8 ಮುಟ್ಟಿದರೆ ನಡುಹಗಲು ಹೊರಗೆ ಇರದಿರುವುದೇ ಒಳ್ಳೆಯದು. ಫೋನ್ ಕೈಯಲ್ಲಿ ಇಲ್ಲದಿದ್ದರೆ ನಿಮ್ಮ ನೆರಳು ನೋಡಿ. ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಕಿರಣ ಜೋರಾಗಿದೆ ಅಂತ ಲೆಕ್ಕ.

ಮೊದಲ ರಕ್ಷಣೆ ಬಟ್ಟೆ. ಒತ್ತಾಗಿ ನೇಯ್ದ, ಸಡಿಲವಾದ, ತೋಳು ಮುಚ್ಚುವ ಬಟ್ಟೆ ಹಾಕಿ. ಕಿವಿ, ಕುತ್ತಿಗೆ ಮುಚ್ಚುವಷ್ಟು ಅಗಲ ಅಂಚಿನ ಟೋಪಿ ಇರಲಿ. ಸನ್‌ಸ್ಕ್ರೀನ್ ಇದಾದ ಮೇಲೆ. ಎಸ್‌ಪಿಎಫ್ (ಕ್ರೀಮಿನ ಮೇಲೆ ಬರೆದಿರುವ ರಕ್ಷಣೆಯ ಅಂಕ) 30 ಇದ್ದರೆ ಸಾಕು, ಅದು ಚರ್ಮ ಸುಡುವ ಕಿರಣದ ಸುಮಾರು 97 ಶೇಕಡ ತಡೆಯುತ್ತದೆ. 50 ಇರುವುದು 98 ಶೇಕಡ. ವ್ಯತ್ಯಾಸ ಅಷ್ಟೇ. ಆದರೆ ಈ ಲೆಕ್ಕ ಸರಿಯಾಗಿ ಹಚ್ಚಿದವರಿಗೆ ಮಾತ್ರ. ದೊಡ್ಡವರ ಇಡೀ ಮೈಗೆ ಸುಮಾರು 30 ಮಿಲಿಲೀಟರ್ ಬೇಕು, ನಾವು ಹಚ್ಚುವುದು ಅದರಲ್ಲಿ ಕಾಲು ಭಾಗವೋ ಅರ್ಧವೋ. ಹೊರಡುವ 15–20 ನಿಮಿಷ ಮೊದಲು ಹಚ್ಚಿ, 2 ಗಂಟೆಗೊಮ್ಮೆ ಮತ್ತೆ ಹಚ್ಚಿ, ಈಜಿದ ಮೇಲೆ ಅಥವಾ ಬೆವರು ಒರೆಸಿಕೊಂಡ ಮೇಲೆ ಮತ್ತೆ ಹಚ್ಚಿ. ಕಿವಿ, ಪಾದದ ಮೇಲ್ಭಾಗ, ಕೂದಲು ತೆಳುವಾದ ನೆತ್ತಿ ಮರೆತುಹೋಗುವ ಜಾಗಗಳು. 6 ತಿಂಗಳೊಳಗಿನ ಕೂಸಿಗೆ ಕ್ರೀಮ್ ಬೇಡ, ನೆರಳಿನಲ್ಲೇ ಇಡಿ. ಕನ್ನಡಕ ಕೊಳ್ಳುವಾಗ ಯುವಿ400 ಅಂತ ಇದೆಯಾ ನೋಡಿ. ಬರೀ ಕಪ್ಪು ಗಾಜಿನಿಂದ ಉಪಯೋಗ ಇಲ್ಲ.

ಹಂತ 6: ಬಿಸಿಲಿನ ಕಾಯಿಲೆ ಗುರುತಿಸಿ, ತಕ್ಷಣ ತಂಪು ಮಾಡಿ

ಇದು ಮೂರು ಮಜಲಿನಲ್ಲಿ ಬರುತ್ತದೆ ಅಂತ ತಿಳಿಯುವುದು ಅನುಕೂಲ. ಆದರೆ ಎಲ್ಲರಿಗೂ ಮೂರೂ ಸಾಲಾಗಿ ಬರುತ್ತವೆ ಅಂತ ನಂಬಬೇಡಿ. ಕೆಲವರು ನೇರವಾಗಿ ಕೊನೆಯದಕ್ಕೇ ಹೋಗುತ್ತಾರೆ.

ಮೊದಲನೆಯದು ಸ್ನಾಯು ಸೆಳೆತ. ಮೀನಖಂಡ, ತೊಡೆ, ಹೊಟ್ಟೆಯ ಸ್ನಾಯುಗಳು ಹಿಡಿದುಕೊಳ್ಳುತ್ತವೆ. ಕೆಲಸ ನಿಲ್ಲಿಸಿ ನೆರಳಿಗೆ ಬನ್ನಿ, ಓಆರ್‌ಎಸ್ ಕುಡಿಯಿರಿ, ಹಿಡಿದ ಜಾಗವನ್ನು ಮೆಲ್ಲಗೆ ಎಳೆದು ಸಡಿಲಿಸಿ. ನೋವು ಹೋಯಿತು ಅಂತ ತಕ್ಷಣ ಕೆಲಸಕ್ಕೆ ಇಳಿಯಬೇಡಿ, ಕೆಲವು ಗಂಟೆ ಬಿಡಿ. ಒಂದು ಗಂಟೆಯಾದರೂ ಸೆಳೆತ ಬಿಡದಿದ್ದರೆ ವೈದ್ಯರ ಹತ್ತಿರ ಹೋಗಿ.

ಎರಡನೆಯದು ಬಿಸಿಲಿನ ಬಳಲಿಕೆ. ಧಾರಾಕಾರ ಬೆವರು, ತಲೆನೋವು, ತಲೆಸುತ್ತು, ವಾಕರಿಕೆ, ನಿಶ್ಶಕ್ತಿ, ಬಿಳಿಚಿಕೊಂಡ ತಣ್ಣನೆಯ ಅಂಟಂಟು ಚರ್ಮ. ಆದರೆ ಮಾತು ಸರಿಯಾಗಿರುತ್ತದೆ, ಹೆಸರು, ಜಾಗ ಎಲ್ಲ ಸರಿಯಾಗಿ ಹೇಳುತ್ತಾರೆ. ತಂಪಾದ ಜಾಗಕ್ಕೆ ಕರೆದುಕೊಂಡು ಹೋಗಿ ಮಲಗಿಸಿ, ಕಾಲು ಸ್ವಲ್ಪ ಎತ್ತರದಲ್ಲಿಡಿ. ಶೂ, ಬಿಗಿ ಬಟ್ಟೆ ತೆಗೆಯಿರಿ. ಮೈ ಒದ್ದೆ ಮಾಡಿ ಗಾಳಿ ಬೀಸಿ. ಗುಟುಕು ಗುಟುಕಾಗಿ ಕುಡಿಸಿ. ಅರ್ಧ ಗಂಟೆಯಲ್ಲಿ ಚೇತರಿಸಿಕೊಳ್ಳಬೇಕು. ಆಗದಿದ್ದರೆ, ಅಥವಾ ಕುಡಿದಿದ್ದೆಲ್ಲ ವಾಂತಿಯಾಗುತ್ತಿದ್ದರೆ ಆಸ್ಪತ್ರೆಗೆ ಹೊರಡಿ. ಸುಧಾರಿಸಿದರೂ ಆ ದಿನ ಮತ್ತೆ ಬಿಸಿಲಿಗೆ ಕಳಿಸಬೇಡಿ.

ಮೂರನೆಯದು ಹೀಟ್ ಸ್ಟ್ರೋಕ್. ಮೈಯೊಳಗಿನ ತಾಪಮಾನ 40 ಡಿಗ್ರಿ ದಾಟಿ ಮಿದುಳು ಹದಗೆಡುತ್ತದೆ. ಇಲ್ಲಿ ಒಂದೇ ಒಂದು ಗುರುತು ನೆನಪಿಡಿ: ತಲೆ ಸರಿಯಿಲ್ಲ. ಅಸಂಬದ್ಧ ಮಾತು, ತೊದಲು, ಸುಮ್ನೆ ಸಿಟ್ಟು, ಓಲಾಡುವ ನಡಿಗೆ, ಫಿಟ್ಸ್, ಪ್ರಜ್ಞೆ ತಪ್ಪುವುದು. ಚರ್ಮ ಒಣಗಿದ್ದರೆ ಮಾತ್ರ ಹೀಟ್ ಸ್ಟ್ರೋಕ್ ಅಂತ ಹೇಳುವುದನ್ನು ಕೇಳಿರುತ್ತೀರಿ. ಅದು ತಪ್ಪು. ಓಡುವಾಗ, ದುಡಿಯುವಾಗ ಬಿದ್ದವರ ಮೈ ಬೆವರಿನಲ್ಲಿ ತೊಯ್ದಿರಬಹುದು. ಹಣೆ ಮುಟ್ಟಿ ನೋಡಿದರೂ ಗೊತ್ತಾಗುವುದಿಲ್ಲ. ಬಿಸಿಲಿನಲ್ಲಿದ್ದ ಮನುಷ್ಯ ಗೊಂದಲದಲ್ಲಿದ್ದರೆ ಹೀಟ್ ಸ್ಟ್ರೋಕ್ ಅಂತಲೇ ಹಿಡಿದು ಶುರು ಮಾಡಿ.

ಮಾಡಬೇಕಾದದ್ದು ಈ ಕ್ರಮದಲ್ಲಿ:

1. ಒಬ್ಬರು ಆಂಬುಲೆನ್ಸ್‌ಗೆ ಫೋನ್ ಮಾಡಲಿ. ಇನ್ನೊಬ್ಬರು ಅದೇ ಹೊತ್ತಿಗೆ ತಂಪು ಮಾಡಲು ಶುರು ಮಾಡಲಿ. ಆಂಬುಲೆನ್ಸ್ ಬರಲಿ ಅಂತ ಕಾಯಬೇಡಿ.

2. ನೆರಳಿಗೆ ಎಳೆದುಕೊಂಡು ಹೋಗಿ, ಮೇಲಿನ ಬಟ್ಟೆ ತೆಗೆಯಿರಿ.

3. ದುಡಿಯುವಾಗ ಅಥವಾ ಆಡುವಾಗ ಬಿದ್ದವರಾದರೆ ತಣ್ಣೀರಿನ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿಸುವುದು ಎಲ್ಲಕ್ಕಿಂತ ವೇಗದ ದಾರಿ. ಐಸ್ ಇದ್ದರೆ ನೀರಿಗೆ ಹಾಕಿ. ಒಬ್ಬರು ಕಂಕುಳಿನ ಕೆಳಗೆ ಹಿಡಿದು ತಲೆ ನೀರಿನ ಮೇಲೆಯೇ ಇರುವಂತೆ ನೋಡಿಕೊಳ್ಳಬೇಕು, ಒಂದು ಕ್ಷಣವೂ ಬಿಡಬಾರದು.

4. ತೊಟ್ಟಿ ಇಲ್ಲದಿದ್ದರೆ, ಅಥವಾ ಬಿದ್ದವರು ವಯಸ್ಸಾದವರಾದರೆ ಮೈಯೆಲ್ಲ ನೀರು ಸುರಿಯುತ್ತಾ ಜೋರಾಗಿ ಗಾಳಿ ಬೀಸಿ. ತಣ್ಣೀರಿನಲ್ಲಿ ಅದ್ದಿದ ಬಟ್ಟೆಗಳನ್ನು ಮೈತುಂಬ ಹೊದಿಸಿ, ಬಿಸಿಯಾದ ಹಾಗೆಲ್ಲ ಬದಲಾಯಿಸಿ. ಕುತ್ತಿಗೆ, ಕಂಕುಳು, ತೊಡೆಸಂದಿಗೆ ಐಸ್ ಇಡಿ. ಐಸ್ ಒಂದನ್ನೇ ನೆಚ್ಚಿಕೊಂಡರೆ ಸಾಲದು.

5. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ಏನೂ ಹಾಕಬೇಡಿ, ನೀರು ಕೂಡ. ವಾಂತಿಯಾದರೆ ಪಕ್ಕಕ್ಕೆ ಹೊರಳಿಸಿ. ಉಸಿರು ನಿಂತರೆ ಸಿಪಿಆರ್, ಅಂದರೆ ಎದೆ ಒತ್ತಿ ಬಾಯಿಯಿಂದ ಉಸಿರು ಊದುವುದು, ಶುರು ಮಾಡಿ.

6. ಜ್ವರದ ಮಾತ್ರೆ ಕೊಡಬೇಡಿ. ಇದು ಜ್ವರ ಅಲ್ಲ. ಪ್ಯಾರಾಸಿಟಮಾಲ್, ಆಸ್ಪಿರಿನ್ ಇಲ್ಲಿ ಕೆಲಸ ಮಾಡುವುದಿಲ್ಲ, ಲಿವರ್‌ಗೂ ರಕ್ತಕ್ಕೂ ತೊಂದರೆ ಮಾಡಬಹುದು.

ಬಿಸಿಯಾದ ಮೈಗೆ ತಣ್ಣೀರು ಹಾಕಿದರೆ ಶಾಕ್ ಆಗುತ್ತದೆ ಅಂತ ಯಾರಾದರೂ ತಡೆಯುತ್ತಾರೆ. ಅವರ ಮಾತು ಕೇಳಿ ನಿಲ್ಲಿಸಬೇಡಿ. ಮೊದಲ ಅರ್ಧ ಗಂಟೆಯೊಳಗೆ ಮೈ ತಂಪಾದರೆ ಬದುಕುವ, ಅಂಗಾಂಗ ಉಳಿಯುವ ಸಾಧ್ಯತೆ ತುಂಬ ಜಾಸ್ತಿ. ಕ್ರೀಡಾ ವೈದ್ಯರು "ಮೊದಲು ತಂಪು, ಆಮೇಲೆ ಸಾಗಣೆ" ಎನ್ನುವುದು ಇದಕ್ಕೇ.

ಹಂತ 7: ನೀರಿಗಿಳಿಯುವ ಮುನ್ನ ಕಾವಲು ಗೊತ್ತು ಮಾಡಿ

ಮುಳುಗುವವರು ಕೈ ಬೀಸುತ್ತಾರೆ, ಕಾಪಾಡಿ ಅಂತ ಕಿರುಚುತ್ತಾರೆ ಅಂತ ಎಲ್ಲರೂ ಅಂದುಕೊಂಡಿರುತ್ತೇವೆ. ನಿಜದಲ್ಲಿ ಸದ್ದೇ ಇರುವುದಿಲ್ಲ. ಮೈ ನೀರಿನಲ್ಲಿ ನೆಟ್ಟಗೆ ನಿಂತಿರುತ್ತದೆ, ತಲೆ ಹಿಂದಕ್ಕೆ ವಾಲಿರುತ್ತದೆ, ಬಾಯಿ ನೀರಿನ ಮಟ್ಟದಲ್ಲಿ ಮೇಲೆ ಕೆಳಗೆ ಆಗುತ್ತಿರುತ್ತದೆ, ಕೈಗಳು ಅಗಲಕ್ಕೆ ಚಾಚಿ ನೀರನ್ನು ಕೆಳಗೆ ಒತ್ತುತ್ತಿರುತ್ತವೆ. ಇದು ಒಂದು ನಿಮಿಷದೊಳಗೆ ಮುಗಿದುಹೋಗುತ್ತದೆ. ಪಕ್ಕದಲ್ಲಿ ಹತ್ತು ಜನ ದೊಡ್ಡವರಿದ್ದೂ ಮಗು ಮುಳುಗುವುದು ಹೀಗೆ. ಎಲ್ಲರೂ ಇದ್ದಾರೆ ಅಂದರೆ ಯಾರೂ ನೋಡುತ್ತಿಲ್ಲ ಅಂತಲೇ ಅರ್ಥ.

ಅದಕ್ಕೆ ಒಬ್ಬರ ಹೆಸರು ಹಿಡಿದು ಕಾವಲು ಒಪ್ಪಿಸಿ. "ಈಗ 15 ನಿಮಿಷ ನೀವು ನೋಡಿಕೊಳ್ಳಿ" ಅಂತ ಬಾಯಿಬಿಟ್ಟು ಹೇಳಿ, ಅವರು ಒಪ್ಪಿದ ಮೇಲೆಯೇ ನೀವು ಕಣ್ಣು ತೆಗೆಯಿರಿ. ಕಾವಲಿನಲ್ಲಿ ಇರುವವರ ಕೈಯಲ್ಲಿ ಮೊಬೈಲ್ ಇರಬಾರದು, ಮದ್ಯ ಕುಡಿದಿರಬಾರದು. ಈಜು ಬಾರದ ಮಗು ಯಾವಾಗಲೂ ಕೈಗೆ ಎಟಕುವ ದೂರದಲ್ಲಿರಬೇಕು. ಗಾಳಿ ತುಂಬಿದ ಟ್ಯೂಬು, ತೋಳಿನ ಬಲೂನು ಆಟಿಕೆಗಳು, ಅವು ಜೀವ ಕಾಯುವುದಿಲ್ಲ. ದೋಣಿಯಲ್ಲಿ ಎಲ್ಲರಿಗೂ ಅಳತೆಗೆ ಸರಿಯಾದ ಲೈಫ್ ಜಾಕೆಟ್ ಬೇಕು, ಈಜು ಬರುವವರಿಗೂ. ಮನೆಯ ಬಕೆಟ್, ಟಬ್, ಮಕ್ಕಳ ಪುಟ್ಟ ಕೊಳ, ಇವುಗಳನ್ನು ಬಳಸಿದ ಕೂಡಲೇ ಖಾಲಿ ಮಾಡಿ. ಎಳೆಯ ಮಗು ಮುಳುಗಲು ಕೆಲವೇ ಸೆಂಟಿಮೀಟರ್ ನೀರು ಸಾಕು.

ಆಳ ಗೊತ್ತಿಲ್ಲದ ನೀರಿಗೆ ತಲೆ ಮುಂದಾಗಿ ಹಾರಬೇಡಿ. ಹೋದ ವರ್ಷ ಆಳ ಇದ್ದ ಜಾಗದಲ್ಲಿ ಈ ವರ್ಷ ಬಂಡೆ ಇರಬಹುದು. ಕುತ್ತಿಗೆ ಮುರಿದರೆ ಜೀವನಪೂರ್ತಿ ಕೈಕಾಲು ಬಾರದೆ ಹೋಗಬಹುದು. ಮೊದಲು ಕಾಲಿಟ್ಟು ಇಳಿದು ನೋಡಿ. ಕೆರೆ, ನದಿ, ಕಲ್ಲುಗಣಿಯ ಹೊಂಡಗಳಲ್ಲಿ ಮೇಲಿನ ನೀರು ಬೆಚ್ಚಗಿದ್ದು ಕೆಳಗೆ ಕೊರೆಯುತ್ತಿರಬಹುದು. ದಿಢೀರ್ ತಣ್ಣೀರಿಗೆ ಬಿದ್ದರೆ ತಾನಾಗೇ ಏದುಸಿರು ಬಂದು ನೀರು ಒಳಗೆ ಹೋಗುತ್ತದೆ. ಹಾಗಾದರೆ ಈಜಲು ಹೋಗಬೇಡಿ, ಅಂಗಾತ ತೇಲುತ್ತಾ ಉಸಿರು ಹಿಡಿತಕ್ಕೆ ಬರುವವರೆಗೆ ಕಾಯಿರಿ. ಸಮುದ್ರದಲ್ಲಿ ನೀರಿನ ಸೆಳೆತ ಒಳಗೆ ಎಳೆದರೆ ದಡದ ಕಡೆಗೆ ಎದುರಾಗಿ ಈಜಬೇಡಿ. ಸೆಳೆತ ನಿಮ್ಮನ್ನು ದೂರ ಒಯ್ಯುತ್ತದೆ, ಕೆಳಗೆ ಎಳೆಯುವುದಿಲ್ಲ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಅದರಿಂದ ಹೊರಬನ್ನಿ, ಆಮೇಲೆ ದಡಕ್ಕೆ ತಿರುಗಿ. ಶಕ್ತಿ ಇಲ್ಲದಿದ್ದರೆ ತೇಲುತ್ತಾ ಕೈ ಎತ್ತಿ ಸನ್ನೆ ಮಾಡಿ.

ಯಾರಾದರೂ ಮುಳುಗುತ್ತಿದ್ದರೆ ಹಾರಬೇಡಿ. ಇದನ್ನು ಹೇಳುವುದು ಕಷ್ಟ, ಕೇಳುವುದು ಇನ್ನೂ ಕಷ್ಟ. ಆದರೆ ಕಾಪಾಡಲು ಹೋದವರೂ ಜೊತೆಗೇ ಮುಳುಗಿದ ಘಟನೆಗಳು ಪ್ರತಿ ಬೇಸಿಗೆಯಲ್ಲೂ ನಡೆಯುತ್ತವೆ. ಜನರನ್ನು ಕೂಗಿ. ದಡದಲ್ಲಿ ಮಲಗಿಕೊಂಡು ಕೋಲು, ಬಟ್ಟೆ, ಹಗ್ಗ ಚಾಚಿ. ಮುಚ್ಚಳ ಹಾಕಿದ ಖಾಲಿ ಕ್ಯಾನ್, ಬಾಲ್, ಟ್ಯೂಬ್, ತೇಲುವುದು ಏನಿದ್ದರೂ ಎಸೆಯಿರಿ. ಹೊರಗೆ ತಂದ ಮೇಲೆ ಹೊಟ್ಟೆ ಒತ್ತಿ ನೀರು ತೆಗೆಯಲು ಹೋಗಬೇಡಿ, ಅದರಿಂದ ಸಮಯ ಹಾಳು, ವಾಂತಿ ಉಸಿರುನಾಳಕ್ಕೆ ಹೋಗುವ ಅಪಾಯ ಬೇರೆ. ಮುಳುಗಿದವರಿಗೆ ಬೇಕಾಗಿರುವುದು ಗಾಳಿ. ಉಸಿರಿಲ್ಲದಿದ್ದರೆ ತಲೆ ಹಿಂದಕ್ಕೆ ಬಾಗಿಸಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಮೊದಲು 5 ಸಲ ಉಸಿರು ಊದಿ. ಆಮೇಲೆ ಎದೆಯ ಮಧ್ಯದಲ್ಲಿ 30 ಸಲ ಒತ್ತಿ, 2 ಸಲ ಊದಿ, ಹೀಗೇ ಮುಂದುವರಿಸಿ. ದೊಡ್ಡವರಿಗೆ 5–6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಬೇಕು. ಬದುಕುಳಿದವರು ಚೆನ್ನಾಗಿ ಮಾತಾಡುತ್ತಿದ್ದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಶ್ವಾಸಕೋಶಕ್ಕೆ ನೀರು ಹೋಗಿದ್ದರೆ ಕೆಲವು ಗಂಟೆ ಕಳೆದು ಉಸಿರಾಟ ಕೆಡಬಹುದು. ಒಂದು ಸಿಪಿಆರ್ ತರಬೇತಿಗೆ ಅರ್ಧ ದಿನ ಸಾಕು, ದಯವಿಟ್ಟು ಕಲಿಯಿರಿ.

ಹಂತ 8: ನಿಂತ ಕಾರು, ಕಾದ ನೆಲ

ಬಿಸಿಲಿನಲ್ಲಿ ನಿಂತ ಕಾರು ಒಲೆಯ ಹಾಗೆ ಕಾಯುತ್ತದೆ. 10 ನಿಮಿಷದಲ್ಲಿ ಒಳಗಿನ ತಾಪಮಾನ ಸುಮಾರು 11 ಡಿಗ್ರಿ ಏರಬಹುದು. ಕಿಟಕಿ ಸ್ವಲ್ಪ ಇಳಿಸಿದರೂ ಹೆಚ್ಚೇನೂ ವ್ಯತ್ಯಾಸ ಆಗುವುದಿಲ್ಲ. ಮಗುವಿನ ಮೈ ದೊಡ್ಡವರಿಗಿಂತ 3ರಿಂದ 5 ಪಟ್ಟು ಬೇಗ ಬಿಸಿಯಾಗುತ್ತದೆ. "ಎರಡೇ ನಿಮಿಷ, ಈಗ ಬಂದೆ" ಅಂತ ಬಿಟ್ಟು ಹೋಗುವುದು ಬೇಡವೇ ಬೇಡ.

ಬೇಕಂತ ಬಿಡುವವರಿಗಿಂತ ಮರೆತು ಹೋಗುವವರೇ ಜಾಸ್ತಿ. ಪ್ರೀತಿ ಇಲ್ಲದವರು ಮಾತ್ರ ಮರೆಯುತ್ತಾರೆ ಅಂತ ಅಂದುಕೊಳ್ಳಬೇಡಿ. ದಿನದ ಕ್ರಮ ಬದಲಾದಾಗ, ನಿದ್ದೆ ಸಾಲದಿದ್ದಾಗ ಯಾರ ಮಿದುಳೂ ಮೋಸ ಮಾಡಬಹುದು. ಮಗು ಹಿಂದೆ ಕೂತಾಗ ನಿಮ್ಮ ಬ್ಯಾಗ್, ಫೋನ್ ಅಥವಾ ಒಂದು ಚಪ್ಪಲಿಯನ್ನು ಹಿಂದಿನ ಸೀಟಿನಲ್ಲೇ ಇಡಿ, ಅದನ್ನು ತೆಗೆಯಲಾದರೂ ತಿರುಗಿ ನೋಡುತ್ತೀರಿ. ಖಾಲಿ ಕಾರನ್ನೂ ಲಾಕ್ ಮಾಡಿ, ಮಕ್ಕಳು ಆಡುತ್ತಾ ಒಳಗೆ ಹತ್ತಿ ಸಿಕ್ಕಿಕೊಳ್ಳುತ್ತಾರೆ. ಮಗು ಕಾಣದಿದ್ದರೆ ಮೊದಲು ನೀರಿರುವ ಜಾಗ, ಆಮೇಲೆ ಕಾರು, ಡಿಕ್ಕಿ ಹುಡುಕಿ.

ಬಿಸಿಲಿಗೆ ಕಾದ ಡಾಂಬರು 60 ಡಿಗ್ರಿ ದಾಟಬಹುದು. ಮೈದಾನದ ಜಾರುಬಂಡೆ, ಸೀಟ್ ಬೆಲ್ಟಿನ ಲೋಹ, ಬಿಸಿಲಿನಲ್ಲಿ ಬಿದ್ದಿದ್ದ ಪೈಪಿನ ಮೊದಲ ನೀರು, ಇವೆಲ್ಲ ಚರ್ಮ ಸುಡುತ್ತವೆ. ಮಗುವನ್ನು ಕೂರಿಸುವ ಮೊದಲು ನಿಮ್ಮ ಕೈಯಿಂದ ಮುಟ್ಟಿ ನೋಡಿ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರು ಬರಿಗಾಲಲ್ಲಿ ಹೊರಗೆ ಹೋಗಲೇಬಾರದು, ಸುಟ್ಟಿದ್ದು ಅವರಿಗೆ ತಿಳಿಯುವುದೇ ಇಲ್ಲ. ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಿರಿ. ಐಸ್, ಎಣ್ಣೆ, ಟೂತ್‌ಪೇಸ್ಟ್ ಯಾವುದೂ ಬೇಡ. ಸೆಕೆ ಅಂತ ಹೆಲ್ಮೆಟ್ ಬಿಡಬೇಡಿ. ಗುಡುಗು ಕೇಳಿಸಿದರೆ ಕಟ್ಟಡದೊಳಗೋ ಮುಚ್ಚಿದ ವಾಹನದೊಳಗೋ ಹೋಗಿ, ಕೊನೆಯ ಗುಡುಗಿನ ಬಳಿಕ 30 ನಿಮಿಷ ಅಲ್ಲೇ ಇರಿ. ಮರದ ಕೆಳಗೆ ನಿಲ್ಲಬೇಡಿ.

ಹಂತ 9: ಊಟ ಕೆಡದಂತೆ

4ರಿಂದ 60 ಡಿಗ್ರಿಯ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಅನುಕೂಲ ಸಿಕ್ಕರೆ 20 ನಿಮಿಷಕ್ಕೊಮ್ಮೆ ಎರಡು ಪಟ್ಟಾಗುತ್ತವೆ. ಬೇಯಿಸಿದ್ದನ್ನು 2 ಗಂಟೆಗಿಂತ ಹೊರಗೆ ಇಡಬೇಡಿ, ಹವೆ 32 ಡಿಗ್ರಿ ದಾಟಿದರೆ 1 ಗಂಟೆಯೇ ಮಿತಿ. ವಾಸನೆ ಬಂದಿಲ್ಲ ಅಂತ ತಿನ್ನಬೇಡಿ. ಕೆಲವು ಬ್ಯಾಕ್ಟೀರಿಯಾ ಬಿಟ್ಟ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ದೊಡ್ಡ ಪಾತ್ರೆಯ ಅಡುಗೆಯನ್ನು ಅಗಲವಾದ ಚಿಕ್ಕ ಪಾತ್ರೆಗಳಿಗೆ ಹಂಚಿ ಫ್ರಿಜ್ಜಿಗೆ ಇಡಿ, ಬೇಗ ತಣ್ಣಗಾಗುತ್ತದೆ. ಹಸಿ ಮಾಂಸ ಮುಟ್ಟಿದ ಚಾಕು, ಹಲಗೆಯನ್ನು ತೊಳೆಯದೆ ತರಕಾರಿಗೆ ಬಳಸಬೇಡಿ.

ಹಂತ 10: ಸೊಳ್ಳೆ, ಜೇನ್ನೊಣ, ಹಾವು

ಡೆಂಗಿ ಹರಡುವ ಈಡಿಸ್ ಸೊಳ್ಳೆ ಹಗಲು ಕಚ್ಚುತ್ತದೆ. ಅದು ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ವಾರಕ್ಕೊಮ್ಮೆ ಕುಂಡದ ತಟ್ಟೆ, ಹಳೆ ಟೈರು, ಕೂಲರಿನ ನೀರು ಚೆಲ್ಲಿ ಉಜ್ಜಿ ತೊಳೆದರೆ ಆ ಸರಪಳಿ ಮುರಿಯುತ್ತದೆ. ಸನ್‌ಸ್ಕ್ರೀನ್ ಮತ್ತು ಸೊಳ್ಳೆ ಕ್ರೀಮ್ ಎರಡೂ ಹಚ್ಚುವುದಾದರೆ ಸನ್‌ಸ್ಕ್ರೀನ್ ಮೊದಲು.

ಜೇನ್ನೊಣ ಕುಟುಕಿದರೆ ಮುಳ್ಳನ್ನು ಎಷ್ಟು ಬೇಗ ಆಗುತ್ತದೋ ಅಷ್ಟು ಬೇಗ ತೆಗೆಯಿರಿ. ತುಟಿ ಅಥವಾ ನಾಲಿಗೆ ಊದಿಕೊಂಡರೆ, ಉಸಿರಾಡಲು ಕಷ್ಟವಾದರೆ, ಮೈತುಂಬ ದದ್ದು ಎದ್ದು ತಲೆಸುತ್ತಿದರೆ ಅದು ತೀವ್ರ ಅಲರ್ಜಿ. ಅಡ್ರಿನಲಿನ್ ಇಂಜೆಕ್ಷನ್ ಬೇಕು, ಕೂಡಲೇ ಆಸ್ಪತ್ರೆಗೆ ಓಡಿ. ಬಿಸಿಲಿಗೆ ಹಾವುಗಳೂ ನೆರಳು ಹುಡುಕುತ್ತವೆ. ಕಚ್ಚಿದರೆ ಕೊಯ್ಯಬೇಡಿ, ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ. ಉಂಗುರ, ಬಳೆ, ವಾಚ್ ತೆಗೆದು, ಕಚ್ಚಿದ ಕೈ ಅಥವಾ ಕಾಲು ಅಲ್ಲಾಡದಂತೆ ಇಟ್ಟು ನೇರ ಆಸ್ಪತ್ರೆಗೆ ಹೋಗಿ.

ಹಂತ 11: ಔಷಧಿ ತೆಗೆದುಕೊಳ್ಳುವವರು, ಒಂಟಿಯಾಗಿರುವವರು

ಬೇಸಿಗೆ ಶುರುವಾಗುವ ಮೊದಲೇ ನೀವು ನುಂಗುವ ಮಾತ್ರೆಗಳ ಪಟ್ಟಿ ಹಿಡಿದು ವೈದ್ಯರ ಹತ್ತಿರ ಹೋಗಿ. ಮೂತ್ರ ಹೆಚ್ಚಿಸುವ ಮಾತ್ರೆಗಳು, ಕೆಲವು ಬಿಪಿ ಮಾತ್ರೆಗಳು, ಮಾನಸಿಕ ಆರೋಗ್ಯದ ಕೆಲವು ಔಷಧಿಗಳು, ನಿದ್ದೆ ತರಿಸುವ ಅಲರ್ಜಿ ಮಾತ್ರೆಗಳು ಬೆವರನ್ನೋ ಮೈಯ ನೀರನ್ನೋ ಏರುಪೇರು ಮಾಡುತ್ತವೆ. ಲಿಥಿಯಂ ತೆಗೆದುಕೊಳ್ಳುವವರಿಗೆ ಮೈಯಲ್ಲಿ ನೀರು ಕಡಿಮೆಯಾದರೆ ಅದೇ ವಿಷವಾಗಬಹುದು. ಡಾಕ್ಸಿಸೈಕ್ಲಿನ್‌ನಂಥ ಔಷಧಿಗಳಿಂದ ಚರ್ಮ ಬೇಗ ಸುಡುತ್ತದೆ. ಹಾಗಂತ ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ. ಇನ್ಸುಲಿನ್ ಅನ್ನು ಕಾರಿನಲ್ಲಿ ಬಿಡಬೇಡಿ. ತೆರೆಯದ್ದನ್ನು 2ರಿಂದ 8 ಡಿಗ್ರಿಯಲ್ಲಿ ಇಡಿ, ಫ್ರೀಜರ್‌ಗೆ ಹಾಕಬೇಡಿ.

ನಿಮ್ಮ ಹತ್ತಿರದವರಲ್ಲಿ ಒಂಟಿಯಾಗಿರುವ ವಯಸ್ಸಾದವರು, ಹಾಸಿಗೆ ಹಿಡಿದವರು, ಬಾಣಂತಿಯರು ಯಾರಿದ್ದಾರೆ ಅಂತ ಈಗಲೇ ಹೆಸರು ಬರೆದಿಡಿ. ಬಿಸಿಗಾಳಿಯ ದಿನಗಳಲ್ಲಿ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಮಾತಾಡಿಸಿ. ಆದರೆ ಫೋನಿನಲ್ಲಿ "ಹುಷಾರಾಗಿದ್ದೀರಾ" ಅಂತ ಕೇಳಿದರೆ "ಹ್ಞೂಂ, ಇದ್ದೀನಿ" ಅನ್ನುವ ಉತ್ತರವೇ ಬರುವುದು. ಅದರ ಬದಲು ಬೆಳಗ್ಗೆಯಿಂದ ಎಷ್ಟು ಲೋಟ ನೀರು ಕುಡಿದಿರಿ, ಊಟಕ್ಕೆ ಏನಿತ್ತು, ರಾತ್ರಿ ನಿದ್ದೆ ಬಂತಾ, ಈಗ ಯಾವ ಕೋಣೆಯಲ್ಲಿ ಕೂತಿದ್ದೀರಿ ಅಂತ ಕೇಳಿ. ಉತ್ತರ ತಡವರಿಸಿದರೆ, ಇವತ್ತು ಯಾವ ದಿನ ಅಂತ ಗೊಂದಲವಾದರೆ, ಮಾಮೂಲಿಗಿಂತ ಮಂಕಾಗಿ ಮಾತಾಡಿದರೆ ಫೋನ್ ಇಟ್ಟು ನೇರ ಅಲ್ಲಿಗೆ ಹೊರಡಿ. ನಿಮಗೆ ಹೋಗಲು ತಡವಾಗುವಂತಿದ್ದರೆ ಅವರ ಅಕ್ಕಪಕ್ಕದವರನ್ನು ಕಳಿಸಿ. ಅದಕ್ಕಾಗಿ ಅಕ್ಕಪಕ್ಕದವರ ಫೋನ್ ನಂಬರ್ ಮೊದಲೇ ನಿಮ್ಮ ಹತ್ತಿರ ಇರಲಿ.